ಕತ್ತಿಯ ಹುದ್ದೆಗೆ ಎಡೆಮಟ್ಟೆಯ ಅರ್ಜಿ

ಬೆಂಗಳೂರಲ್ಲಿ ಜಪಾನಿ ಕತ್ತಿವರಸೆ ಕಲಿಯುತ್ತಿರುವ ಅಕ್ಕನ ಮಗ ರಜೆಗೆ ಹಂದನಕೆರೆಗೆ ಬಂದ. ಸಾಧನೆ ತಪ್ಪಬಾರದು, ಒಂದು ಮರದ ಕತ್ತಿ ಆಗಲೇಬೇಕು ಎಂದ. ಅವನು ಹೇಳಿ ಮುಗಿಸುವಷ್ಟರಲ್ಲಿ ತೆಂಗಿನ ತೋಟದಲ್ಲಿ ಧೊಪ್ಪೆಂದು ಸದ್ದಾಯಿತು. ಮೊದಲ ಉಮೇದುವಾರ ಬಿದ್ದಿದ್ದ. ಬಾವಿಕಟ್ಟೆಗೆ ಒರಗಿಸಿ ಮಾತಿಗೆ ಕೂತೆ.

ನಾನು: ಅನುಭವ ಏನಿದೆ ಮಟ್ಟೆಯವರೇ?

ಎಡೆಮಟ್ಟೆ: ವಂಶಪಾರಂಪರ್ಯವಾಗಿ ಬ್ಯಾಟು ಕಣಣ್ಣ. ಈ ಸೀಮೆ ಹುಡುಗ್ರು ಮೊದಲ ಸಿಕ್ಸರ್ ಹೊಡೆಯೋದೇ ನಮ್ಮೋರನ್ನ ಹಿಡ್ಕೊಂಡು. ಮದುವೇಲಿ ಚಪ್ಪರ, ಬಚ್ಚಲಲ್ಲಿ ಸೌದೆ. ಮರಕ್ಕೆ ಹೆಚ್ಚುಕಮ್ಮಿ ತಿಂಗಳಿಗೊಬ್ಬರು ಉದುರ್ತೀವಿ, ಒಬ್ಬರೂ ಖಾಲಿ ಕೂತೋರಲ್ಲ.

ನಾನು: ಈಗ ಖಾಲಿ ಇರೋದು ಬೊಕ್ಕೆನ್ ಹುದ್ದೆ.

ಎಡೆಮಟ್ಟೆ: ಬೊಕ್ಕೆನಾ? ಬೇವಿನ ಸೊಪ್ಪು ಹಾಕಿ.

ನಾನು: ಅಲ್ಲ, ಓಕ್ ಮರದ ಕತ್ತಿ. ಉದ್ದ ಸುಮಾರು 102 ಸೆಂ.ಮೀ. ಕ್ಯೂಷೂ ದ್ವೀಪದ ಮಿಯಾಕೊನೊಜೊ ಅನ್ನೋ ಊರು ಅದಕ್ಕೇ ಹೆಸರುವಾಸಿ.

ಎಡೆಮಟ್ಟೆ: ತಿಪಟೂರಿಗೆ ಕೊಬ್ಬರಿ ಇದ್ದಂಗೆ ಅನ್ನಿ. ಉದ್ದದ ಯೋಚನೆ ಬಿಡಿ, ನನ್ನಲ್ಲಿ ಎರಡು ಕತ್ತಿ ಆಗಿ ಹಂಡೆ ಒಲೆಗೂ ಉಳೀತದೆ.

ನಾನು: ತೂಕ?

ಎಡೆಮಟ್ಟೆ: ಇವತ್ತು ಹೇಳಿದ್ದು ನಾಳೆಗಿಲ್ಲ. ಹಸೀಲಿ ಒನಕೆ, ಒಣಗಿದ ಮೇಲೆ ಪೊರಕೆ. ಹೊರಗೆ ಬಿಗಿ, ಒಳಗೆ ಬೆಂಡು. ಈ ಗುಣಕ್ಕೆ ಬೇರೆ ಕಡೆ ಟಿಕೆಟ್ಟೇ ಕೊಡ್ತಾರೆ.

ನಾನು: ಜೋಡಿ ಸಾಧನೆಯಲ್ಲಿ ಎದುರಿನವರ ಕತ್ತಿ ಬಂದು ತಾಗಿದರೆ?

ಎಡೆಮಟ್ಟೆ (ಸ್ವಲ್ಪ ಹೊತ್ತು ಸುಮ್ಮನಿದ್ದು): ಸೀಳ್ತೀನಿ. ಸಿಬಿರು ಯಾರ ಕಣ್ಣಿಗೋ. ಅದಕ್ಕೇ ಜಪಾನಿನೋರು ಓಕ್ ಹುಡುಕೋದು. ಮರದ ಎಳೆ ಹಿಡಿಯಿಂದ ತುದಿವರೆಗೂ ನೆಟ್ಟಗೆ ಓಡಿರಬೇಕು, ಗಂಟು ಇರಬಾರದು. ಆದ್ರೂ ಒಂದು ಮಾತು. 1612ರಲ್ಲಿ ಅಲ್ಲಿನ ಕತ್ತಿವೀರ ಮಿಯಮೋತೊ ಮುಸಾಶಿ ದೋಣಿ ಹುಟ್ಟನ್ನೇ ಕೆತ್ಕೊಂಡು ದ್ವಂದ್ವ ಗೆದ್ದ ಅಂತ ಕಥೆ ಐತಲ್ಲ. ಹುಟ್ಟಿಗೆ ಸಿಕ್ಕಿದ ಅವಕಾಶ ಮಟ್ಟೆಗ್ಯಾಕಿಲ್ಲ?

ಮುಸಾಶಿಯ ಕೈ ನಮ್ಮ ಹುಡುಗನಿಗಿಲ್ಲ ಎನ್ನುವುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅಕ್ಕ ಅಲ್ಲೇ ಕಾಯಿ ಆರಿಸುತ್ತಿದ್ದಳು.

ನಾನು: ಕವಚ ತೊಟ್ಟು ನಿಜಕ್ಕೂ ಹೊಡೆದಾಡೋಕೆ ಶಿನಾಯ್ ಇದೆ.

ಎಡೆಮಟ್ಟೆ: ಮದುವೇಲಿ ಊದ್ತಾರಲ್ಲ?

ನಾನು: ಅದು ಶಹನಾಯಿ. ಇದು ನಾಲ್ಕು ಬಿದಿರು ಸೀಳು ಸೇರಿಸಿ ಕಟ್ಟಿದ್ದು. ಪಂದ್ಯಕ್ಕಾದರೆ ದೊಡ್ಡವರದು 120 ಸೆಂ.ಮೀ. ಮೀರಬಾರದು, ಗಂಡಸರದು 510 ಗ್ರಾಂಗೆ ಕಮ್ಮಿ ಇರಬಾರದು. ಇನ್ನು ಒರೆಯಿಂದ ಹಿರಿಯುವ ವಿದ್ಯೆಗೆ ಇಯಾಯ್‌ತೊ ಅಂತ ಲೋಹದ ಮೊಂಡು ಕತ್ತಿ. ಆಳಿನ ಎತ್ತರ ನೋಡಿ ಅಲಗು.

ಎಡೆಮಟ್ಟೆ: ಆ ವಿದ್ಯೆ ನಮ್ಮಲ್ಲೂ ಐತೆ. ಸನ್ಮಾನದ ದಿನ ನೋಡಿ. ಕೊರಳಿಗೆ ಕೊಬ್ಬರಿ ಹಾರ, ಕೈಗೆ ಬೆಳ್ಳಿ ಬಣ್ಣದ ಕತ್ತಿ. ಸಾಹೇಬ್ರು ಸರಕ್ಕನೆ ಹಿರಿದು ಫೋಟೋಕ್ಕೆ ನಿಲ್ತಾರೆ. ವಾಪಸ್ ಒರೆಗೆ ಸೇರಿಸೋಕೆ ಮಾತ್ರ ಇಬ್ಬರು ಕಾರ್ಯಕರ್ತರು ಬೇಕು.

ನಗುವ ಮಾತಲ್ಲ. ಹೊಸಬರು ಎಡಗೈ ಕುಯ್ದುಕೊಳ್ಳುವುದು ಹೆಚ್ಚಾಗಿ ಕತ್ತಿಯನ್ನು ಒರೆಗೆ ಹಿಂತಿರುಗಿಸುವಾಗಲೇ. ಅಲಗು ಮೊಂಡಾಗಿರಲಿ ಅನ್ನುವುದು ಅದಕ್ಕೇ.

ನಾನು: ಹುಡುಗ ಆನ್‌ಲೈನಲ್ಲಿ ಒಂದು ತರಿಸಿದ್ದನಲ್ಲ, ಫಳಫಳ ಹೊಳೆಯೋದು?

ಎಡೆಮಟ್ಟೆ: ಅಟ್ಟದ ಮೇಲೆ ಕಾಯಿ ಜೊತೆ ಮಲಗೈತೆ. ಗೋಡೆಗೆ ನೇತುಹಾಕೋ ಸ್ಟೀಲು ಅದು. ಹಿಡಿಯೊಳಗಿರೋದು ಬೆಸುಗೆ ಹಾಕಿದ ಸಣ್ಣ ಸಲಾಕೆ. ಜೋರಾಗಿ ಬೀಸಿದ್ರೆ ಹಿಡಿ ನಿಮ್ಮ ಕೈಲಿ, ಅಲಗು ಪಕ್ಕದ ತೋಟದಲ್ಲಿ. ಕಾಯಿ ವರ್ಷದ ಹತ್ತಿರ ಅಟ್ಟದಲ್ಲಿ ಕೂತ್ರೆ ಕೊಬ್ಬರಿ ಆಗ್ತದೆ. ಅದು ಏನಾಗ್ತದೋ ನಾ ಕಾಣೆ.

ನಾನು: ವೀರಗಾಸೆಯವರ ಕತ್ತಿ ಕೇಳಿದರೆ?

ಎಡೆಮಟ್ಟೆ: ಶಿವಶಿವಾ! ಅದು ವೀರಭದ್ರನದು, ಎರವಲು ಕೊಡೋದಲ್ಲ. ಅದೂ ಅಲ್ದೆ ಅವರದು ಒಂಟಿ ಕೈ ಹಿಡಿತ, ಕುಣಿತದ ಹೆಜ್ಜೆಗೆ ಆಗಿಬಂದದ್ದು. ನಿಮ್ಮ ಹುಡುಗನ ಕತ್ತಿಗೆ ಎರಡು ಕೈ ಹಿಡಿಸೋ ಹಿಡಿ ಬೇಕು.

ನಾನು: ಓಕ್ ತರಿಸಿದರೆ ನಿಮ್ಮ ಮರದ್ದೇ ಎಣ್ಣೆ ಸವರಿ ಕಾಪಾಡಬಹುದಾ?

ಎಡೆಮಟ್ಟೆ: ಸ್ವಜಾತಿ ಅಂತ ಸುಳ್ಳು ಹೇಳಲ್ಲ. ಕೊಬ್ಬರಿ ಎಣ್ಣೆ ಒಣಗಲ್ಲ, ಹಿಡಿ ಜಾರ್ತದೆ. ಅಗಸೆಣ್ಣೆ ಸವರಿ. ಅಂದಂಗೆ, ಹುಡುಗನ ಗುರುಗಳನ್ನ ಕೇಳಿದ್ರಾ?

ನಾನು: ಏನಂತ?

ಎಡೆಮಟ್ಟೆ: ಎಂಥ ಕತ್ತಿ ಬೇಕು ಅಂತ! ಒಂದೊಂದು ಪಂಥಕ್ಕೆ ಒಂದೊಂದು ಥರ. ಕಾಶಿಮಾ ಶಿನ್‌ರ್ಯೂನಲ್ಲಿ ಹಿಡಿಯೋದು ದಪ್ಪನೆ ನೆಟ್ಟನೆ ಕತ್ತಿ. ಯಾಗ್ಯು ಶಿಂಕಗೆಯೋರು ಸೀಳಿದ ಬಿದಿರಿಗೆ ತೊಗಲು ಚೀಲ ಹೊದಿಸ್ತಾರೆ. ಒಬ್ಬರದು ಇನ್ನೊಬ್ಬರಿಗೆ ಆಗಲ್ಲ. ಮೊದಲು ಕೇಳಬೇಕಾದವರನ್ನ ಬಿಟ್ಟು, ಉದುರಿ ಬಿದ್ದಿರೋ ನನ್ನ ಕೇಳ್ತಾ ಕೂತಿದೀರಲ್ಲ!

ನಾನು ಪೆನ್ನು ಮುಚ್ಚುವಷ್ಟರಲ್ಲಿ ಹುಡುಗನೇ ಮಚ್ಚು ಹಿಡಿದು ಬಂದ. ಗರಿ ಸವರಿ, ಬುಡ ಕೆತ್ತಿ, ಮಟ್ಟೆಯನ್ನು ಎರಡೂ ಕೈಯಲ್ಲಿ ನೆತ್ತಿಯ ಮೇಲೆತ್ತಿ, ಕಣ್ಣು ಕಿರಿದು ಮಾಡಿ ಜಪಾನಿನ ಕಡೆ ನೋಡುತ್ತ ನಿಂತ. ಬೇಲಿಯಾಚೆಯಿಂದ ಯಾರೋ ಟೆನಿಸ್ ಬಾಲ್ ಎಸೆದರು.

ಹೊಡೆದೇಬಿಟ್ಟ.