ಹತ್ತು ನಿಮಿಷಕ್ಕೆ ತಪ್ಪಿದ ಉಪ್ಪಿಟ್ಟು

ವಿಮಾನದ ವೇಳಾಪಟ್ಟಿ ಬರೆಯುವ ಮಹನೀಯರಿಗೆ,

ದೆಹಲಿಯ ಕಚೇರಿಯೊಂದರ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನ ಪಿಂಚಣಿ ಫೈಲು ನೋಡಬೇಕಾದ ಸಾಹೇಬರು ಹನ್ನೊಂದಕ್ಕೆ ಬರಹೇಳಿದ್ದರು. ನೀವು ನನ್ನನ್ನು ತಂದು ಇಳಿಸುವ ಹೊತ್ತಿಗೆ ಅವರು ಊಟಕ್ಕೆ ಎದ್ದಾಗಿತ್ತು. ಇನ್ನು ಸೋಮವಾರವಂತೆ. ಹಾಗಾಗಿ ನನಗೀಗ ಬೇಕಾದಷ್ಟು ಪುರುಸೊತ್ತು.

ಬೆಂಗಳೂರು, ದೆಹಲಿ ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಮೂಗಿನ ನೇರಕ್ಕೆ ಉತ್ತರ, ಸುಮಾರು 1,700 ಕಿ.ಮೀ. ಗಂಟೆಗೆ 800 ಕಿ.ಮೀ. ಹಾರುವ ವಿಮಾನಕ್ಕೆ ಎರಡು ಗಂಟೆ ಚಿಲ್ಲರೆ ಸಾಕೆಂದು ಏಳನೇ ಕ್ಲಾಸಿನ ಹುಡುಗನೂ ಹೇಳುತ್ತಾನೆ. ನಿಮ್ಮ ಟಿಕೆಟಿನಲ್ಲಿ ಮಾತ್ರ 2 ಗಂಟೆ 50 ನಿಮಿಷ! ಏರಲು, ಇಳಿಯಲು, ದೆಹಲಿಯ ಮೇಲೆ ಪ್ರದಕ್ಷಿಣೆ ಹಾಕಲು ಒಂದಿಷ್ಟು ಬೇಕು, ಒಪ್ಪಿದೆ. ಗೇಟು ಬಿಟ್ಟಲ್ಲಿಂದ ಅಲ್ಲಿ ಗೇಟು ಸೇರುವವರೆಗೂ ನಿಮ್ಮ ಗಡಿಯಾರ ಓಡುತ್ತದೆ, ಅದಕ್ಕೆ ಬ್ಲಾಕ್ ಟೈಮು ಅನ್ನುತ್ತೀರಿ, ರನ್‌ವೇಗಾಗಿ ಕ್ಯೂ ನಿಂತದ್ದೂ ಪ್ರಯಾಣವೇ, ಅದನ್ನೂ ಒಪ್ಪಿದೆ. ಅದರ ಮೇಲೊಂದಷ್ಟು ನಿಮಿಷ ಸುರಿದುಕೊಂಡರೆ, ತಡವಾಗಿ ಹೊರಟರೂ ಸಮಯಕ್ಕೆ ಸರಿಯಾಗಿ ಇಳಿದೆವೆಂದು ಮೈಕಿನಲ್ಲಿ ಹೇಳಿಕೊಳ್ಳಬಹುದು. ಕಾಲು ಗಂಟೆ ತಡವನ್ನಂತೂ ನಿಮ್ಮಲ್ಲಿ ಯಾರೂ ತಡವೆಂದು ಎಣಿಸುವುದೇ ಇಲ್ಲ. ಈ ರಿಯಾಯಿತಿ ನಮ್ಮ ಬೀದಿಯ ಹಾಲಿನವನಿಗೂ ಇಲ್ಲ.

ಅದೆಲ್ಲ ಹಾಳಾಗಲಿ. ನನ್ನ ತಕರಾರು ಉಪ್ಪಿಟ್ಟಿನದು.

ಆರು ಗಂಟೆಯ ವಿಮಾನಕ್ಕೆಂದು ಬನಶಂಕರಿಯಿಂದ ನಡುರಾತ್ರಿ ಎದ್ದು ದೇವನಹಳ್ಳಿಗೆ ಬಂದರೆ, ಬರಬೇಕಾದ ವಿಮಾನವೇ ಬಂದಿಲ್ಲ ಎಂದಿರಿ. ಅರ್ಧರ್ಧ ಗಂಟೆಯ ಕಂತಿನಲ್ಲಿ ಮುಂದೂಡಿದಿರಿ. ಎಂಟೂವರೆಗೆ ನಾನು ಕೌಂಟರಿಗೆ ಹೋಗಿ, "ತಡವಾದರೆ ತಿಂಡಿ ಕೊಡಬೇಕಲ್ಲಪ್ಪಾ?" ಎಂದೆ. ಹುಡುಗ ಪಾಪ, ಬಾಯಿಪಾಠ ಒಪ್ಪಿಸಿದ. ವಿಮಾನಯಾನ ನಿಯಂತ್ರಕ ಡಿಜಿಸಿಎಯ 2010ರ ನಿಯಮದ ಪ್ರಕಾರ ಪ್ರಯಾಣದ ಅವಧಿ ಎರಡೂವರೆ ಗಂಟೆಯೊಳಗಿದ್ದರೆ 2 ಗಂಟೆ ತಡಕ್ಕೇ ತಿಂಡಿ. ಎರಡೂವರೆ ದಾಟಿ ಐದರವರೆಗಿದ್ದರೆ 3 ಗಂಟೆ ತಡವಾಗಬೇಕು. "ನಮ್ಮದು ಎರಡೂ ಐವತ್ತಲ್ವಾ ಸರ್?"

ಅಲ್ಲಿಗೆ ಬಂತಲ್ಲ! ಟಿಕೆಟಿನ ಮೇಲೆ ನೀವು ಸುರಿದ ನಿಮಿಷಗಳು ನೇರ ನನ್ನ ತಟ್ಟೆಗೇ ಕೈ ಹಾಕಿವೆ. ಬೇಕೆಂದೇ ಮಾಡಿದಿರಿ ಎಂದು ನಾನು ಹೇಳುತ್ತಿಲ್ಲ. ಉಪ್ಪಿಟ್ಟು ಉಳಿಸಲು ಅಷ್ಟು ಗಣಿತ ಮಾಡುವವರು ನೀವಾಗಿದ್ದರೆ ವಿಮಾನವೂ ಹೊತ್ತಿಗೆ ಬರುತ್ತಿತ್ತು. ಆದರೆ ಕೊನೆಗೆ ಹೊರಟದ್ದು ಎಂಟೂ ಐವತ್ತಕ್ಕೆ. ಮೂರು ಗಂಟೆಗೆ ಸರಿಯಾಗಿ ಹತ್ತು ನಿಮಿಷ ಕಮ್ಮಿ. ಅಷ್ಟು ಹೊತ್ತು ಕಾದ ಜನಕ್ಕೆ ಇನ್ನು ಹತ್ತು ನಿಮಿಷ ಕಾಯಲು ಬರುತ್ತಿರಲಿಲ್ಲವೇ?

ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ದೆಹಲಿ ಮುಟ್ಟಲು ಎರಡು ರಾತ್ರಿ ಬೇಕು. ಆದರೂ ಚಹಾದವನು ರೈಲು ಎಷ್ಟು ತಡ ಎಂದು ಲೆಕ್ಕ ಹಾಕಿ ಲೋಟ ಕೊಡುವುದಿಲ್ಲ. ಇಲ್ಲಿ ಎಪ್ಪತ್ತು ದಾಟಿದ ಸಕ್ಕರೆ ಕಾಯಿಲೆಯ ಮನುಷ್ಯ ಹಸಿದು ಕೂತಿದ್ದಾನೆ, ನೀವು ಟಿಕೆಟ್ ಹಿಡಿದು ಬ್ಲಾಕ್ ಟೈಮು ಓದುತ್ತೀರಿ. ನಾಚಿಕೆಯಾಗಬೇಕು. ಪಕ್ಕದ ಅಂಗಡಿಯಲ್ಲಿ ಎರಡು ಇಡ್ಲಿಗೆ ಕೇಳಿದ ದುಡ್ಡಿನಲ್ಲಿ ಗಾಂಧಿ ಬಜಾರಿನಲ್ಲಿ ಮನೆಮಂದಿಯೆಲ್ಲ ತಿಂಡಿ ಮುಗಿಸಿ ಕಾಫಿಯನ್ನೂ ಕುಡಿಯಬಹುದು.

ಶುಕ್ರವಾರ ನಿಮ್ಮದೇ ವಿಮಾನದಲ್ಲಿ ವಾಪಸು ಬರಬೇಕಿತ್ತು. ಈಗ ಮಂಗಳವಾರಕ್ಕೆ ಬದಲಾಯಿಸಿದ್ದೇನೆ, ಅದಕ್ಕೂ ಶುಲ್ಕ ಕಟ್ಟಿಸಿಕೊಂಡಿದ್ದೀರಿ. ಅವತ್ತೂ ತಡ ಮಾಡುವುದಾದರೆ ದಯವಿಟ್ಟು ಪೂರ್ತಿ ಮೂರು ಗಂಟೆ ಮಾಡಿ. ಉಪ್ಪಿಟ್ಟಿಗೆ ಈರುಳ್ಳಿ ಬೇಡ, ಅವತ್ತು ನನಗೆ ಒಪ್ಪೊತ್ತು.

ಇಂತಿ,
ಹೊಟ್ಟೆ ಉರಿದ ಹಿರಿಯ ನಾಗರಿಕ