ಮೊದಲು ರಿಪೇರಿ, ಆಮೇಲೆ ಫೈಲು

ಕರ್ನಾಟಕದ ಗಡಿಗೆ ಹತ್ತಿದ ಮಹಾರಾಷ್ಟ್ರದ ಔರಾದ ಶಹಾಜನಿಯ ಸೋಯಾ ಹೊಲ, ನೆತ್ತಿ ಸುಡುವ ಬಿಸಿಲು. ಎಲೆಯೊಂದರ ಜೀವಕೋಶದಲ್ಲಿ ಡಿಎನ್‌ಎ ರಿಪೇರಿ ಮಾಡುವ ಕಿಣ್ವ ಫೋಟೋಲಯೇಸ್, ಕೆಲಸ ನಿಲ್ಲಿಸದೆಯೇ ಮಾತಿಗೆ ಸಿಕ್ಕಿತು.

ಪ್ರಶ್ನೆ: ತಾವು ಯಾವ ರಾಜ್ಯದ, ಯಾವ ಇಲಾಖೆಯವರು?

ಉತ್ತರ: ಈ ನಿಲಂಗಾ ತಾಲ್ಲೂಕು 1956ರವರೆಗೆ ಬೀದರ್ ಜಿಲ್ಲೆಯಲ್ಲಿತ್ತು, ಆಮೇಲೆ ಉಸ್ಮಾನಾಬಾದಿಗೆ ಸೇರಿತು, 1982ರಿಂದ ಲಾತೂರಿನದು. ಕಚೇರಿಗಳ ಬೋರ್ಡು ಬದಲಾದವು. ಬಿಸಿಲಿನ ನೇರಳಾತೀತ ಕಿರಣ ಮಾತ್ರ ತನ್ನ ಚಾಳಿ ಬಿಡಲಿಲ್ಲ. ಡಿಎನ್‌ಎಯಲ್ಲಿ ಅಕ್ಕಪಕ್ಕ ಕೂತ ಎರಡು ಥೈಮಿನ್ ಅಕ್ಷರಗಳನ್ನು ಅದು ಬೆಸೆದುಬಿಡುತ್ತದೆ. ಡಿಎನ್‌ಎ ನಕಲು ಅಲ್ಲಿಗೇ ಮುಗ್ಗರಿಸುತ್ತದೆ. ನಾನು ಕತ್ತಲಲ್ಲೇ ಆ ಜಾಗ ಹಿಡಿದು ಕೂತಿರುತ್ತೇನೆ. ನೀಲಿ ಬೆಳಕು ಬಿದ್ದೊಡನೆ, ಯಾರ ಮಂಜೂರಾತಿಗೂ ಕಾಯದೆ, ಒಂದು ಎಲೆಕ್ಟ್ರಾನ್ ಸಾಲ ಕೊಡುತ್ತೇನೆ. ಬೆಸುಗೆ ಬಿಚ್ಚುತ್ತದೆ, ಸಾಲವೂ ವಾಪಸ್. ಇಂಥ ಸಾಲಗಾರ ನಿಮ್ಮ ಯಾವ ಬ್ಯಾಂಕಿಗೆ ಸಿಕ್ಕಿದ್ದಾನೆ? ಕೆಡಿಸಿದ ಬಿಸಿಲಿನಿಂದಲೇ ರಿಪೇರಿಯ ಖರ್ಚು ವಸೂಲು ಮಾಡುವುದು ನನ್ನ ಪದ್ಧತಿ.

ಪ್ರಶ್ನೆ: ಮಂಜೂರಾತಿಯಿಲ್ಲದ ರಿಪೇರಿ ಅಕ್ರಮಕ್ಕೆ ದಾರಿಯಲ್ಲವೇ?

ಉತ್ತರ: ನಾನು ತಪಾಸಣೆ ಕೈಬಿಟ್ಟಿಲ್ಲ, ಅದನ್ನು ಕೆಲಸದ ಜಾಗಕ್ಕೇ ತಂದಿದ್ದೇನೆ. ಕೆಟ್ಟ ಎಳೆಯ ಆಕಾರವೇ ಬೇರೆ. ಸರಿಯಿರುವುದನ್ನು ನಾನು ರಿಪೇರಿ ಮಾಡುವುದಿಲ್ಲ. ಖರ್ಚಿನ ಮಾತೆತ್ತಿದರೆ ನಿಮ್ಮ ಮೈಯನ್ನೇ ನೋಡಿಕೊಳ್ಳಿ. ಇಲಿ, ಎಮ್ಮೆ, ಮನುಷ್ಯರಂಥ ಜರಾಯು ಸಸ್ತನಿಗಳು ವಿಕಾಸದ ಹಾದಿಯಲ್ಲಿ ನನ್ನನ್ನು ಕಳೆದುಕೊಂಡವು, ಕಾಂಗರೂ ಉಳಿಸಿಕೊಂಡಿದೆ. ನಾನೊಬ್ಬನೇ ಬಿಡಿಸುವ ಬೆಸುಗೆಗೆ ನಿಮ್ಮಲ್ಲಿ ಹತ್ತಾರು ಪ್ರೋಟೀನುಗಳ ಸಮಿತಿ ಸೇರಬೇಕು. ಸುಮಾರು 30 ಅಕ್ಷರಗಳ ತುಂಡನ್ನೇ ಕತ್ತರಿಸಿ ಎಸೆದು ಹೊಸದಾಗಿ ತುಂಬಬೇಕು. ಈ ಎರಡೂ ವಿಧಾನಗಳ ಮೇಲೆ ದುಡಿದ ಅಜೀಜ್ ಸಂಜಾರ್ 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಪ್ರಶ್ನೆ: ಹಾಗಾದರೆ ಸಮಿತಿಗಳೇ ಬೇಡವೇ?

ಉತ್ತರ: ಹಾಗೆಂದರೆ ಅದು ನನ್ನ ಜಂಬವಾದೀತು. ನಾನು ಬಲ್ಲದ್ದು ಬಿಸಿಲಿನ ಬೆಸುಗೆಯೊಂದೇ. ತಂಬಾಕಿನ ಹೊಗೆ ಡಿಎನ್‌ಎಗೆ ಮಾಡುವ ಹಾನಿಯ ಮುಂದೆ ನಾನು ನಿಷ್ಪ್ರಯೋಜಕ, ಅಲ್ಲಿ ಸಮಿತಿಯೇ ಬೇಕು. ಆ ಸಮಿತಿ ಹುಟ್ಟಿನಿಂದಲೇ ಕೆಟ್ಟಿರುವವರಿಗೆ ಎಳೆವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರಬಹುದು. ಆದರೆ ಒಂದು ಗಮನಿಸಿ: ನಿಮ್ಮ ಜೀವಕೋಶದ ಸಮಿತಿಯೂ ಹಾನಿಯಾದಲ್ಲಿಗೆ ತಾನೇ ಬರುತ್ತದೆ, ಹಾನಿಯನ್ನು ಕಚೇರಿಯಿಂದ ಕಚೇರಿಗೆ ಅಲೆಸುವುದಿಲ್ಲ. ಕೋಶ ವಿಭಜನೆಗೂ ಮುನ್ನ ಕೆಲಸ ಮುಗಿಯದಿದ್ದರೆ ತಪ್ಪು ಮುಂದಿನ ಪೀಳಿಗೆಯ ಕೋಶಕ್ಕೆ ಕಾಯಂ ದಾಖಲೆಯಾಗಿ ಇಳಿಯಬಹುದು. ಗಡಿಯ ರಸ್ತೆಗುಂಡಿ ಯಾವ ರಾಜ್ಯದ್ದೆಂಬ ವಾದ ನಡೆಯಲಿ, ಬೇಡವೆನ್ನಲಾರೆ. ಮೊದಲು ಗುಂಡಿ ಮುಚ್ಚಿ.