ನನ್ನ ಕಡತಕ್ಕೂ ಸ್ವಲ್ಪ ಪಕ್ಷಾಂತರ ಕಲಿಸಿ

ಚಿಕ್ಕಬಳ್ಳಾಪುರದ ಸಂಸದರಾದ ಡಾ. ಕೆ. ಸುಧಾಕರ್ ಅವರಿಗೆ ಕುಂದಾಣದ ಮತದಾರನೊಬ್ಬನ ನಮಸ್ಕಾರ.

ನಿಮಗೆ ಯಾಕೆ ಓಟು ಹಾಕಿದೆ ಅಂತ ನಮ್ಮ ಮನೆಯವಳು ಇವತ್ತು ಮತ್ತೆ ಕೇಳಿದಳು. ಬೆಳಿಗ್ಗೆಯಿಂದ ಸಂಜೆವರೆಗೆ ಸರ್ಕಾರಿ ಕಚೇರಿಯ ಬೆಂಚು ಸವೆಸಿ ಬರಿಗೈಲಿ ಬಂದವನನ್ನು ಕೇಳುವ ಮಾತೇ ಅದು? ಅವಳಿಗೆ ಹೇಳಲಾಗದ್ದನ್ನು ನಿಮಗೆ ಬರೆಯುತ್ತಿದ್ದೇನೆ. ಯಾವ ಕಚೇರಿ ಅಂತ ಮಾತ್ರ ಬರೆಯುವುದಿಲ್ಲ. ನಾಳೆಯೂ ಅಲ್ಲಿಗೇ ಹೋಗಬೇಕು.

ನಮ್ಮದು ತೆನೆ ಹೊತ್ತ ಮಹಿಳೆಯ, ಅಂದರೆ ಜೆಡಿಎಸ್ಸಿನ ಮನೆ. 2019ರ ಜುಲೈನಲ್ಲಿ ನೀವು ಕಾಂಗ್ರೆಸ್ಸಿನ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಡಲು ಹೋಗಿ, ವಿಧಾನಸೌಧದಲ್ಲಿ ನಿಮ್ಮನ್ನು ಎಳೆದಾಡಿ, ಕೊನೆಗೆ ಕುಮಾರಣ್ಣನ ಸರ್ಕಾರ ಬಿದ್ದಾಗ ನಮ್ಮ ಮನೆಯಲ್ಲಿ ಯಾರೂ ನಿಮಗೆ ಒಳ್ಳೆಯ ಮಾತು ಆಡಲಿಲ್ಲ. ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹ ಮಾಡಿದರು, ಅದರಲ್ಲಿ ನೀವೂ ಒಬ್ಬರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಅನರ್ಹ ಮಾಡಿದ್ದು ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂದಿತು. ಡಿಸೆಂಬರ್‌ನಲ್ಲಿ ಕಮಲದಿಂದ ಗೆದ್ದಿರಿ, ಫೆಬ್ರವರಿಗೆ ಮಂತ್ರಿ. ಜುಲೈಯಿಂದ ಫೆಬ್ರವರಿಗೆ ಇಷ್ಟು ದೂರ! ನನ್ನ ಜಮೀನಿನ ಕಡತ ಅಷ್ಟರಲ್ಲಿ ಒಂದು ಮೇಜಿನಿಂದ ಪಕ್ಕದ ಮೇಜಿಗೂ ಹೋಗಿರಲಿಲ್ಲ.

ಬೈಯುತ್ತಲೇ ಅಂದುಕೊಂಡೆ, ಜಾಗ ಬದಲಾಯಿಸುವ ವಿದ್ಯೆ ಬಲ್ಲವರು ಇವರೊಬ್ಬರೇ.

2023ರಲ್ಲಿ ಚಿಕ್ಕಬಳ್ಳಾಪುರದವರು ಪ್ರದೀಪ್ ಈಶ್ವರ್ ಅವರನ್ನು ಗೆಲ್ಲಿಸಿ ನಿಮ್ಮನ್ನು ಮನೆಗೆ ಕಳಿಸಿದರು. ಮರುವರ್ಷವೇ ಲೋಕಸಭೆಗೆ ಅಂತ ನಮ್ಮೂರಿನ ಕಡೆ ಬಂದಿರಿ. ಸೋತು ಬಂದವರಿಗೆ ನೆಲೆ ಕೊಡುವುದು ನಮಗೆ ಹೊಸದಲ್ಲ ಬಿಡಿ. 13ನೇ ಶತಮಾನದಲ್ಲಿ ಹೊಯ್ಸಳ ರಾಮನಾಥ ತಮಿಳು ಸೀಮೆಯ ಕಣ್ಣಾನೂರು ಕಳೆದುಕೊಂಡು ಬಂದು ಆಳಿದ್ದು ಇದೇ ಕುಂದಾಣದಿಂದ ಅನ್ನುತ್ತಾರೆ. ಕೋಲಾರದಲ್ಲಿ ಸೋತ ಮುನಿಯಪ್ಪನವರೂ ದೇವನಹಳ್ಳಿಗೆ ಬಂದು ಶಾಸಕರಾದರು, ಮಂತ್ರಿಯಾದರು. 2024ರ ಏಪ್ರಿಲ್ 20ರಂದು ಕುಮಾರಣ್ಣನ ಅಪ್ಪ ದೊಡ್ಡಗೌಡರೇ ಚಿಕ್ಕಬಳ್ಳಾಪುರದ ವೇದಿಕೆಯಲ್ಲಿ ಮೋದಿಯವರ ಜೊತೆ ಕೂತರು. ಮಗನ ಸರ್ಕಾರ ಬೀಳಲು ಕಾರಣರಾದವರಿಗೇ ಓಟು ಕೇಳಲು! ಅಪ್ಪನೇ ಮರೆತ ಮೇಲೆ ನನ್ನದೇನು ಹಟ?

ಎದುರಿಗಿದ್ದ ರಕ್ಷಾ ರಾಮಯ್ಯ ಕಾಲೇಜು, ಆಸ್ಪತ್ರೆ ಕಟ್ಟಿದ ಮನೆತನದ ಹುಡುಗ. ಕೆಟ್ಟವರು ಅಂತ ಯಾರೂ ಅನ್ನಲಿಲ್ಲ. ನನಗೆ ಬೇಕಾಗಿದ್ದು ಕಾಲೇಜಲ್ಲ, ನಮ್ಮ ಜಮೀನಿನ ಪೋಡಿ. ಹಲ್ಲು ಕಚ್ಚಿಕೊಂಡು ಗುಂಡಿ ಒತ್ತಿದೆ. ನೀವು 1.63 ಲಕ್ಷ ಓಟಿನ ಅಂತರದಲ್ಲಿ ಗೆದ್ದಿರಿ. ಅದರಲ್ಲಿ ನನ್ನದೊಂದು ಇಲ್ಲದಿದ್ದರೂ ನಡೆಯುತ್ತಿತ್ತು, ಅದೇ ಹೊಟ್ಟೆಯುರಿ.

ಪೋಡಿಗೂ ಪಾರ್ಲಿಮೆಂಟಿಗೂ ಏನಯ್ಯಾ ಸಂಬಂಧ, ಕಂದಾಯ ಇಲಾಖೆ ರಾಜ್ಯದ್ದು, ಅಲ್ಲಿರುವುದು ಕಾಂಗ್ರೆಸ್ಸು ಅನ್ನುತ್ತೀರಿ. ಗೊತ್ತು ಸ್ವಾಮಿ. ಓಟು ಕೇಳಲು ಬಂದ ನಿಮ್ಮ ಕಡೆಯ ಹುಡುಗರಿಗೆ ಗೊತ್ತಿರಲಿಲ್ಲ. 'ಸಾಹೇಬ್ರು ಒಂದು ಫೋನ್ ಮಾಡಿದ್ರೆ ಆಯ್ತು ಯಜಮಾನ್ರೇ' ಅಂದರು. ನಾನು ಓಟು ಹಾಕಿದ್ದು ಆ ಫೋನಿಗೆ.

ನಮ್ಮಪ್ಪನಿಗೆ ದರಖಾಸ್ತಿನಲ್ಲಿ ಮಂಜೂರಾದ ಜಮೀನು. ಪಹಣಿಯಲ್ಲಿ ಹೆಸರಿದೆ, ನಕ್ಷೆಯಲ್ಲಿ ಜಾಗವಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಯಾರ್ಯಾರೋ ಇದ್ದೇವೆ. ಪೋಡಿಯಾಗದೆ ಬ್ಯಾಂಕಿನವರು ಒಳಗೆ ಕೂರಿಸುವುದಿಲ್ಲ, ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳುವ ಹಾಗಿಲ್ಲ. ಇವತ್ತು ಊಟದ ಹೊತ್ತಿನವರೆಗೆ 'ಸಾಹೇಬ್ರು ಮೀಟಿಂಗಲ್ಲಿದಾರೆ'. ಊಟವಾದ ಮೇಲೆ 'ಸರ್ವರ್ ಡೌನ್'. ಸಂಜೆ ಗುಮಾಸ್ತ ತಲೆ ಎತ್ತದೆ ಹೇಳಿದ: 'ಯಜಮಾನ್ರೇ, ನಿಮ್ಮ ಮಂಜೂರಾತಿ ಮೂಲ ಕಡತ ಸಿಗ್ತಿಲ್ಲ.'

ಸಿಗ್ತಿಲ್ಲ! ಮೇಜಿನಿಂದ ಮೇಜಿಗೆ ಹೋಗದ ಕಡತ ಕಚೇರಿಯನ್ನೇ ಬಿಟ್ಟು ಹೋಗಿದೆ. ಮುಂಬೈ ಹೋಟೆಲಿನಲ್ಲಿ ಹುಡುಕಿಸಿ ಅನ್ನೋಣ ಅಂದುಕೊಂಡೆ. 2019ರಲ್ಲಿ ರಾಜೀನಾಮೆ ಕೊಟ್ಟ ಶಾಸಕರೇ ಅಲ್ಲಿ ಸಿಕ್ಕಿದ್ದರಲ್ಲ. ಭೂ ಸುರಕ್ಷಾ ಅಂತ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಇರುವುದನ್ನು ಸ್ಕ್ಯಾನ್ ಮಾಡಬಹುದು, ಇಲ್ಲದ್ದನ್ನು?

ತಮಾಷೆ ಸಾಕು. ನಮ್ಮದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಬೇಕು ಅಂತ ಸರ್ಕಾರ ಹೊರಟಾಗ ಯಾವ ಕಡತವೂ ಕಳೆದಿರಲಿಲ್ಲ. ಆ ಭೂಸ್ವಾಧೀನ ಶುರುವಾಗಿದ್ದು ನಿಮ್ಮ ಪಕ್ಷದ ಸರ್ಕಾರದಲ್ಲಿ, ನೀವು ಮಂತ್ರಿಯಾಗಿದ್ದಾಗ. ಮುಂದೆ ಬಂದ ಕಾಂಗ್ರೆಸ್ಸೂ ಎರಡು ವರ್ಷ ಕೈಬಿಡಲಿಲ್ಲ. ಆ ರೈತರು ಮೂರು ವರ್ಷದ ಮೇಲೆ ಧರಣಿ ಕೂತು, ಪೊಲೀಸರ ಕೈಗೆ ಸಿಕ್ಕಿ, 2025ರ ಜುಲೈ 15ರಂದು ಅದನ್ನು ಕೈಬಿಡಿಸಿಕೊಂಡರು. ಕಿತ್ತುಕೊಳ್ಳುವಾಗ ಸರ್ವೆ ನಂಬರು, ಎಕರೆ, ಗುಂಟೆ ಎಲ್ಲ ಪಟ್ಟಿಯಲ್ಲಿ ಬರುತ್ತೆ. ನಮ್ಮದನ್ನು ನಮಗೆ ಅಳೆದು ಕೊಡಿ ಅಂದರೆ ಸರ್ವೇಯರ್ ಇಲ್ಲ, ಕಡತ ಇಲ್ಲ, ಸರ್ವರ್ ಇಲ್ಲ. ನಮ್ಮಪ್ಪ ಇದನ್ನೇ ಕೇಳುತ್ತ ಸತ್ತ. ನನಗೂ ಮಂಡಿ ನೋವು, ಆ ಕಚೇರಿ ಇರುವುದು ಮಹಡಿ ಮೇಲೆ.

ಅದಕ್ಕೆ, ಆ ಒಂದು ಫೋನ್ ಮಾಡಿ. ಕಾಂಗ್ರೆಸ್ ಸರ್ಕಾರ ನನ್ನ ಮಾತು ಕೇಳಲ್ಲ ಅನ್ನಬೇಡಿ, ಅಲ್ಲಿ ನಿಮಗೆ ಹಳೆಯ ಗುರುತಿನವರು ಬಹಳ ಇದ್ದಾರೆ. ಹನ್ನೊಂದರ ಮೇಲೆ ಮಾಡಿ, ಅದಕ್ಕೆ ಮುಂಚೆ ಯಾರೂ ಬಂದಿರುವುದಿಲ್ಲ. ಒಂದೂವರೆಗೆ ಊಟ. ಮೀಟಿಂಗಲ್ಲಿದಾರೆ ಅಂದರೆ ನಂಬಬೇಡಿ, ಕೆಳಗಡೆ ಟೀ ಅಂಗಡಿಯಲ್ಲಿರುತ್ತಾರೆ.

ಇಂತಿ,
ಕುಂದಾಣದ ಮತದಾರ